‘ಸಮುದಾಯ ಮೀಸಲು’: ಇದಕ್ಕೆ ಬೇರೆ ಮಾತಿದೆಯಾ?

ಎಲ್ಲರಿಗೂ ಪುಣೆಯಿಂದ ನಮಸ್ಕಾರ. ಒಂದು ಪದ ವಾರದಿಂದ ತಲೆ ತಿನ್ನುತ್ತಿದೆ. ನಿಮ್ಮ ಸಹಾಯ ಬೇಕು.

ಇಲ್ಲಿನ ಕನ್ನಡ ಮನೆಗಳ ಮಕ್ಕಳನ್ನು ಭೀಮಾಶಂಕರದ ಕಾಡಿಗೆ ಕರೆದುಕೊಂಡು ಹೋಗಿ ಕೆಂದಳಿಲು ತೋರಿಸಬೇಕು ಅಂತಿದ್ದೇವೆ. ಅದೇ, ಮರಾಠಿಯವರ ಶೇಕರು. ಮಕ್ಕಳ ಕೈಗೆ ಕೊಡಲು ಎರಡು ಪುಟ ಬರೆಯುತ್ತಿದ್ದೇನೆ. ‘ಅಭಯಾರಣ್ಯ’ ಎರಡೂ ಭಾಷೆಯಲ್ಲಿ ಒಂದೇ, ತೊಂದರೆ ಇಲ್ಲ. 1972ರ ವನ್ಯಜೀವಿ ಕಾಯ್ದೆಗೆ 2002ರ ತಿದ್ದುಪಡಿಯಲ್ಲಿ ‘ಕಮ್ಯುನಿಟಿ ರಿಸರ್ವ್’ ಅಂತ, ಊರಿನವರೇ ಕಾಯುವ ಸಂರಕ್ಷಿತ ಜಾಗದ ಒಂದು ಬಗೆ ಸೇರಿತಲ್ಲ, ಅಲ್ಲಿ ಪೆನ್ನು ನಿಂತಿತು. ‘ಸಮುದಾಯ ಮೀಸಲು’ ಎಂದು ಬರೆದು ಪಕ್ಕದ ಮನೆಯ ಅಕ್ಕನಿಗೆ ತೋರಿಸಿದೆ. ಅವರು ಮೂಲತಃ ಬಾಗಲಕೋಟೆ ಕಡೆಯವರು. ಓದಿದವರೇ, “ಯಾವ ಸಮುದಾಯಕ್ಕೆ? ಎಷ್ಟು ಪರ್ಸೆಂಟ್?” ಎಂದರು.

ಅವರ ತಪ್ಪಲ್ಲ. ಇವತ್ತು ಮೀಸಲು ಅಂದರೆ ಕಿವಿಗೆ ಮೊದಲು ಬೀಳುವುದು ಮೀಸಲಾತಿ.

ಆದರೆ ನನ್ನ ಮನಸ್ಸಿನಲ್ಲಿರುವ ಮೀಸಲು ಬೇರೆ. ನಮ್ಮ ಮನೆಯಲ್ಲಿ ಆಕಳು ಈದಾಗ ಅಜ್ಜಿ ಒಂದು ಹಿತ್ತಾಳೆ ಚೊಂಬಿನಲ್ಲಿ ಹಾಲು ತೆಗೆದು ದೇವರ ಜಗುಲಿ ಮೇಲೆ ಇಡುತ್ತಿದ್ದಳು. ಬಾಯಿಗೆ ಬಿಳಿ ಬಟ್ಟೆ ಕಟ್ಟಿರುತ್ತಿತ್ತು. “ಮೀಸಲ ಹಾಲದು, ಮುಟ್ಟಬ್ಯಾಡ್ರಿ” ಎನ್ನುತ್ತಿದ್ದಳು. ಯಾರಿಗೆ ಮೀಸಲು ಎಂದು ಯಾರೂ ಕೇಳುತ್ತಿರಲಿಲ್ಲ, ಎಲ್ಲರಿಗೂ ಗೊತ್ತಿತ್ತು. ಇಲ್ಲಿ ಸಿಟಿ ಬಸ್ಸಿನಲ್ಲಿ ಸೀಟಿನ ಮೇಲೆ ‘ಮಹಿಲಾಂಸಾಠೀ ರಾಖೀವ್’ ಎಂದಿರುತ್ತದೆ. ಅಲ್ಲೂ ಯಾರಿಗೆ ಎಂಬುದು ಸ್ಪಷ್ಟ.

ಕಾಡಿನ ವಿಷಯಕ್ಕೆ ಬಂದರೆ ಆ ‘ಯಾರಿಗೆ’ ಮಾಯ. 1878ರ ಅರಣ್ಯ ಕಾಯ್ದೆ ಬಂದ ಮೇಲೆ ‘ರಿಸರ್ವ್ಡ್ ಫಾರೆಸ್ಟ್’ ಆಯಿತು. ಮರಾಠಿಯಲ್ಲಿ ರಾಖೀವ ವನ, ನಮ್ಮಲ್ಲಿ ಮೀಸಲು ಅರಣ್ಯ. ಆಗ ಅದು ಮೀಸಲಾಗಿದ್ದು ಹುಲಿಗಲ್ಲ, ಜಿಂಕೆಗಲ್ಲ, ಸರ್ಕಾರಕ್ಕೆ. ರೈಲು ಹಳಿಯ ಕೆಳಗೆ ಹಾಸಲು ಮರ ಬೇಕಿತ್ತು. ದನ ಮೇಯಿಸುವವರು, ಸೌದೆ ಆರಿಸುವವರು ಹೊರಗೆ ಉಳಿದರು. ಇದೇ ಪುಣೆಯ ಜೋತಿರಾವ್ ಫುಲೆ 1880ರ ದಶಕದಲ್ಲಿ ರೈತರ ಕಷ್ಟ ಬರೆಯುವಾಗ ಈ ಅರಣ್ಯ ಇಲಾಖೆಯ ಮೇಲೆ ಸಿಟ್ಟಾಗಿದ್ದು ಸುಮ್ನೆ ಅಲ್ಲ.

ಕಮ್ಯುನಿಟಿ ರಿಸರ್ವ್ ಇದಕ್ಕೆ ಪೂರ್ತಿ ಉಲ್ಟಾ. ಊರಿನವರು ತಾವಾಗಿ ಮುಂದೆ ಬಂದು, ತಮ್ಮದೇ ಜಮೀನಿನಲ್ಲಿ ಕಾಡುಜೀವಿಗಳನ್ನು ಕಾಯುವ ಏರ್ಪಾಡು. ಮದ್ದೂರು ಹತ್ತಿರದ ಕೊಕ್ಕರೆ ಬೆಳ್ಳೂರನ್ನು ನೆನೆಸಿಕೊಳ್ಳಿ. ಮನೆ ಪಕ್ಕದ ಹುಣಸೆ ಮರದಲ್ಲೇ ಹೆಜ್ಜಾರ್ಲೆ ಗೂಡು ಕಟ್ಟುತ್ತದೆ. ಹಕ್ಕಿ ಇದೆ ಎಂದು ಜನ ಮರ ಕಡಿಯದೆ ಉಳಿಸಿಕೊಂಡರು. ಹಿಂದಿನ ಮೀಸಲು ಊರಿನವರನ್ನು ಹೊರಗಿಟ್ಟಿತು. ಇಲ್ಲಿ ಕಾಯುವವರೇ ಊರಿನವರು. ಎರಡಕ್ಕೂ ಒಂದೇ ಪದ ಹಾಕಲು ನನಗೆ ಮನಸ್ಸು ಬರುತ್ತಿಲ್ಲ.

‘ದೇವರಕಾಡು’ ಅನ್ನಬಹುದಿತ್ತು. ಮರಾಠಿಯಲ್ಲಿ ದೇವರಾಯಿ ಇದೆ. ವಿಜ್ಞಾನಿಗಳಾದ ಮಾಧವ ಗಾಡ್ಗೀಳ್ ಮತ್ತು ವಿ. ಡಿ. ವರ್ತಕ್ 1970ರ ದಶಕದಲ್ಲಿ ಈ ಕಡೆಯ ದೇವರಾಯಿಗಳನ್ನು ಅಧ್ಯಯನ ಮಾಡಿದ್ದರು. ಆದರೆ ಅಲ್ಲಿ ದೇವರಿದ್ದಾನೆ, ಹರಕೆ ಇದೆ. ಅದು ಬೇರೆಯೇ.

ನನಗೆ ಹೊಳೆದದ್ದು ‘ಕಾವಲು’. ಮೈಸೂರು ಅರಸರ ಅಮೃತಮಹಲ್ ದನಗಳಿಗೆ ಬಿಟ್ಟ ಹುಲ್ಲುಗಾವಲುಗಳಿಗೆ ‘ಕಾವಲು’ ಎಂದೇ ಹೆಸರು. ಕಡೂರು ತಾಲ್ಲೂಕಿನ ಬಾಸೂರು ಅಮೃತಮಹಲ್ ಕಾವಲಿನಲ್ಲಿ ಇವತ್ತು ಕೃಷ್ಣಮೃಗಗಳಿವೆ, ಅದನ್ನೂ ಇದೇ ಕಾಯ್ದೆಯ ಕೆಳಗೆ ‘ಕನ್ಸರ್ವೇಶನ್ ರಿಸರ್ವ್’ ಎಂಬ ಇನ್ನೊಂದು ಬಗೆಯ ಸಂರಕ್ಷಿತ ಜಾಗವೆಂದು ಘೋಷಿಸಿದ್ದಾರೆ. ಅಂದರೆ ‘ರಿಸರ್ವ್’ಗೆ ಕನ್ನಡದ್ದೇ ಪದ ಮೊದಲಿಂದಲೂ ಇತ್ತು, ಅಲ್ವಾ? ಹಾಗಾದರೆ ಕಮ್ಯುನಿಟಿ ರಿಸರ್ವ್‌ಗೆ ‘ಊರಕಾವಲು’ ಅನ್ನಬಹುದೇ? ಕಾಯುವವರು ಯಾರು ಎಂಬುದು ಹೆಸರಲ್ಲೇ ಬಂತು.

ಒಂದೇ ಅಳುಕು. ಉತ್ತರ ಕರ್ನಾಟಕದ ನನಗೆ ಕಾವಲು ಅಂದರೆ ರಾತ್ರಿ ಹೊಲ ಕಾಯುವುದು. ಮಕ್ಕಳು ‘ಊರಕಾವಲು’ ಅಂದರೆ ಗೂರ್ಖಾ ಎಂದುಕೊಂಡಾರು. ಕಡೂರು, ಚಿತ್ರದುರ್ಗ ಕಡೆಯವರು ದಯವಿಟ್ಟು ಹೇಳಿ: ನಿಮ್ಮಲ್ಲಿ ಈಗಲೂ ‘ಕಾವಲು’ ಅಂದರೆ ಮೊದಲು ಕಣ್ಣಿಗೆ ಬರುವುದು ಹುಲ್ಲಿನ ಬಯಲೋ, ಕೋಲು ಹಿಡಿದ ಕಾವಲುಗಾರನೋ?