ಪದ ಬೇಕು: ಆರ್‌ಟಿಡಿಯ ಮೂರನೇ ತಂತಿಗೆ ಏನನ್ನೋಣ?

ನಮಸ್ಕಾರ. ಅನಲಾಗ್ ಇನ್‌ಪುಟ್ ಮಾಡ್ಯೂಲ್‌ನ (ಸೆನ್ಸರ್‌ನ ಸಂಕೇತ ಓದುವ ಘಟಕ) ವೈರಿಂಗ್ ಚಿತ್ರವನ್ನು ಕನ್ನಡಕ್ಕೆ ತರುತ್ತಿದ್ದೇನೆ, ನಾಳೆ ಅಚ್ಚಿಗೆ ಹೋಗಬೇಕು. ಆರ್‌ಟಿಡಿ ಎಂದರೆ ಬಿಸಿಯೇರಿದಂತೆ ರೆಸಿಸ್ಟೆನ್ಸ್ ಏರುವ ಉಷ್ಣತೆಯ ಸೆನ್ಸರ್; ಪಿಟಿ100 ಅದರ ಪ್ಲಾಟಿನಂ ಬಗೆ. ಮೂರು ತಂತಿಯ ಪಿಟಿ100 ಸೆನ್ಸರ್‌ನಲ್ಲಿ ಒಂದು ಬಿಳಿ, ಎರಡು ಕೆಂಪು. ಎರಡನೇ ಕೆಂಪು ಇರುವುದು ತಂತಿಯದೇ ರೆಸಿಸ್ಟೆನ್ಸನ್ನು ಮಾಡ್ಯೂಲ್ ಲೆಕ್ಕದಿಂದ ಕಳೆಯಲಿ ಎಂದು. ಈ ‘ಕಾಂಪೆನ್ಸೇಷನ್ ಲೀಡ್’ಗೆ ಹಳೆಯ ಅನುವಾದದಲ್ಲಿ ‘ಪರಿಹಾರ ತಂತಿ’ ಎಂದಿದೆ. ಓದಿದರೆ ಪರಿಹಾರಧನವೇ ನೆನಪಾಗುತ್ತದೆ. ಲೇಬಲ್‌ನಲ್ಲಿ ಜಾಗ ಕಡಿಮೆ, ಚಿಕ್ಕ ಪದ ಹೇಳಿ.

ಉತ್ತರ 1:
‘ಪರಿಹಾರ’ದಲ್ಲಿ ತಪ್ಪೇನಿದೆ? ಪರಿ+ಹೃ, ತೊಡೆದುಹಾಕು. ದೋಷಪರಿಹಾರ ಅನ್ನುವುದಿಲ್ಲವೇ? ಹಾಗೇ ಬಿಡಿ.

ಉತ್ತರ 2:
ಒಪ್ಪುವುದಿಲ್ಲ. ತಂತಿಯ ತಡೆ ಎಲ್ಲೂ ತೊಡೆದುಹೋಗುವುದಿಲ್ಲ, ಅಲ್ಲೇ ಇರುತ್ತದೆ. ಅದನ್ನು ಸರಿದೂಗಿಸುತ್ತಾರೆ ಅಷ್ಟೆ. ಸರಿ+ತೂಗು. ವೀಟ್‌ಸ್ಟನ್ ಸೇತುವೆಯ (ತಡೆಗಳನ್ನು ಹೋಲಿಸಿ ಅಳೆಯುವ ಜೋಡಣೆ) ಎರಡು ತೋಳಿಗೂ ಒಂದೊಂದು ತಂತಿ ಬರುವಂತೆ ಮಾಡಿ ಸಮತೂಕ ತರುವುದೇ ಮೂರು ತಂತಿಯ ಮೂಲ ಉಪಾಯ. ತೂಗುವ ಮಾತು ಇನ್ನೆಲ್ಲಿ ಇಷ್ಟು ಚೆನ್ನಾಗಿ ಕೂತೀತು? ‘ಸರಿದೂಗು ತಂತಿ’ ಅನ್ನಿ. ‘ರೆಸಿಸ್ಟೆನ್ಸ್’ ತೆಗೆದು ‘ತಡೆ’ ಹಾಕಿ. ‘ರೋಧ’ವೂ ಬೇಡ, ಅದೂ ಎರವಲೇ.

ಉತ್ತರ 3:
‘ತಡೆ’ ಎಂದು ಬರೆದರೆ ಲೈನ್ ಎಲ್ಲೋ ಕಟ್ಟಾಗಿದೆ ಅಂದುಕೊಳ್ಳುತ್ತಾರೆ. ಸ್ಕ್ರೂಡ್ರೈವರ್ ಹಿಡಿಯುವವರು ರೆಸಿಸ್ಟೆನ್ಸ್ ಅನ್ನುತ್ತಾರೆ, ಮುಗಿಯಿತು. ಎರಡು ಕೆಂಪನ್ನೂ ತಿರುಚಿ ಒಂದೇ ಟರ್ಮಿನಲ್‌ಗೆ ಬಿಗಿದು, ಪಕ್ಕದ ಟರ್ಮಿನಲ್‌ಗೆ ಜಂಪರ್ (ಜೋಡಿಸುವ ತುಂಡು ವೈರ್) ಹಾಕುವವರಿದ್ದಾರೆ. ಆಗ ಅದು ಬರೀ ಎರಡು ತಂತಿಯ ಜೋಡಣೆ. ಪಿಟಿ100 ಡಿಗ್ರಿಗೆ ಸುಮಾರು 0.385 ಓಮ್ ಏರುತ್ತದೆ. ತಂತಿಯಲ್ಲಿ 1 ಓಮ್ ಇದ್ದರೆ 2.6 ಡಿಗ್ರಿ ಹೆಚ್ಚು ತೋರಿಸುತ್ತದೆ. ‘ಎರಡು ಕೆಂಪನ್ನು ಇಲ್ಲಿ ಸೇರಿಸಬೇಡಿ’ ಎಂದು ಮೊದಲು ಬರೆಯಿರಿ. ಮೂರೂ ತಂತಿ ಒಂದೇ ಉದ್ದ, ಒಂದೇ ದಪ್ಪ ಇರಲಿ ಎಂದೂ ಸೇರಿಸಿ, ಇಲ್ಲದಿದ್ದರೆ ನಿಮ್ಮ ತೂಗುವಿಕೆ ನಡೆಯುವುದಿಲ್ಲ.

ಉತ್ತರ 2:
ಎಚ್ಚರಿಕೆ ಸರಿ, ವಾದ ಸರಿಯಲ್ಲ. ಕೆಲಸಗಾರರು ಅನ್ನುವುದನ್ನೇ ಅಚ್ಚು ಹಾಕುವುದಾದರೆ ಅನುವಾದ ಯಾಕೆ ಬೇಕು?

ಉತ್ತರ 3:
ಟರ್ಮಿನಲ್, ಸ್ಕ್ರೂ, ವೈರ್ ಕನ್ನಡದ ಬಾಯಲ್ಲಿ ಪಳಗಿದ ಪದಗಳು. ‘ಸೇತುವೆ’ ಸಂಸ್ಕೃತದಿಂದ ಬಂದಿದ್ದಲ್ಲವೇ? ಅದನ್ನು ನೀವೇ ಬಳಸಿದಿರಿ.

ಕೇಳಿದವರು:
‘ಸರಿದೂಗು ತಂತಿ’ ಇಡುತ್ತೇನೆ, ರೆಸಿಸ್ಟೆನ್ಸ್ ಹಾಗೇ ಇರಲಿ. ಎಚ್ಚರಿಕೆಯ ಸಾಲು ದಪ್ಪಕ್ಷರದಲ್ಲಿ ಬರುತ್ತದೆ. ಇನ್ನೊಂದು: ನಾಲ್ಕು ತಂತಿಯ ಸೆನ್ಸರ್‌ನಲ್ಲಿ ಎರಡು ಕರೆಂಟ್ ಒಯ್ಯುತ್ತವೆ, ಇನ್ನೆರಡರಲ್ಲಿ ವೋಲ್ಟೇಜ್ ಅಳೆಯುತ್ತಾರೆ. ಆ ಎರಡಕ್ಕೆ ‘ಅಳತೆ ತಂತಿ’ ಸಾಕೇ?

ಉತ್ತರ 2:
ಸಾಕು. ಅವುಗಳಲ್ಲಿ ಕರೆಂಟ್ ಹರಿಯುವುದಿಲ್ಲ ಎನ್ನುವಷ್ಟು ಕಡಿಮೆ, ಸರಿದೂಗಿಸಲು ಏನೂ ಇರುವುದಿಲ್ಲ. ‘ಸೇತುವೆ’ಯ ವಿಚಾರಕ್ಕೆ ಬೇರೆ ಓಲೆ ಬರೆಯುತ್ತೇನೆ.