ಮೂರನೆಯ ತರಗತಿಯ ಮಗನಿಗೆ ಓದು ಹತ್ತುತ್ತಿಲ್ಲ: ಇದು ಡಿಸ್ಲೆಕ್ಸಿಯಾ ಇರಬಹುದೇ?

ಪ್ರಶ್ನೆ: ತುಮಕೂರಿನ ಒಬ್ಬ ತಾಯಿ

ಎಲ್ಲರಿಗೂ ನಮಸ್ಕಾರ. ನನ್ನ ಮಗನಿಗೆ ಎಂಟು ವರ್ಷ ತುಂಬಿದೆ, ಕನ್ನಡ ಮಾಧ್ಯಮದಲ್ಲಿ ಮೂರನೆಯ ತರಗತಿ ಓದುತ್ತಿದ್ದಾನೆ. ಕಥೆ ಹೇಳಿದರೆ ಒಂದೇ ಸಲ ಕೇಳಿ ಪೂರ್ತಿ ಒಪ್ಪಿಸುತ್ತಾನೆ. ಅಂಗಡಿಗೆ ಕಳಿಸಿದರೆ ಚಿಲ್ಲರೆ ಲೆಕ್ಕ ತಪ್ಪುವುದಿಲ್ಲ. ಆದರೆ ಪಠ್ಯಪುಸ್ತಕ ತೆರೆದ ಕೂಡಲೇ ಬೇರೆಯೇ ಹುಡುಗನಾಗುತ್ತಾನೆ. ‘ಬಾಳೆ’ಯನ್ನು ‘ಬಳೆ’ ಎಂದೂ ‘ಕತ್ತೆ’ಯನ್ನು ‘ಕತೆ’ ಎಂದೂ ಓದುತ್ತಾನೆ. ‘ಪ’, ‘ವ’, ‘ಷ’ ಅಕ್ಷರಗಳು ಇಂದಿಗೂ ಅದಲುಬದಲಾಗುತ್ತವೆ. ಕಾಗುಣಿತವನ್ನು ‘ಕ ಕಾ ಕಿ ಕೀ’ ಎಂದು ರಾಗವಾಗಿ ಹೇಳಿ ಮುಗಿಸುತ್ತಾನೆ. ಆದರೆ ನಡುವಿನ ‘ಕೀ’ ಒಂದನ್ನೇ ತೋರಿಸಿ ಕೇಳಿದರೆ, ಸಾಲಿನ ಮೊದಲಿಗೆ ಬೆರಳಿಟ್ಟು ‘ಕ ಕಾ ಕಿ’ ಎಂದು ಹೇಳಿಕೊಂಡು ಬಂದ ಮೇಲೆಯೇ ಅದರ ಹೆಸರು ಬಾಯಿಗೆ ಬರುತ್ತದೆ.

ಶಾಲೆಯಲ್ಲಿ ಗಮನ ಸಾಲದು, ದಿನವೂ ಎರಡು ಪುಟ ಕಾಪಿ ಬರೆಸಿ ಎನ್ನುತ್ತಾರೆ. ಕಣ್ಣಿನ ಪರೀಕ್ಷೆ ಮಾಡಿಸಿದ್ದೇವೆ, ದೋಷವಿಲ್ಲ. ನಮ್ಮ ಭಾವನವರೂ ಓದು ಹತ್ತಲಿಲ್ಲವೆಂದು ಏಳನೆಯ ತರಗತಿಗೇ ಶಾಲೆ ಬಿಟ್ಟವರು. ಈಗ ಪಂಪ್‌ಸೆಟ್ ರಿಪೇರಿಯಲ್ಲಿ ಸುತ್ತಲಿನ ಹಳ್ಳಿಗಳಿಗೆಲ್ಲ ಅವರೇ ಬೇಕು. ಇದು ಡಿಸ್ಲೆಕ್ಸಿಯಾ ಇರಬಹುದೇ? ಎಲ್ಲಿ ತೋರಿಸಬೇಕು? ಮನೆಯಲ್ಲಿ ನಾನು ಏನು ಮಾಡಬಹುದು?

ಉತ್ತರ: ವಾಕ್ ಮತ್ತು ಭಾಷಾ ಚಿಕಿತ್ಸಕಿ, ಮೈಸೂರು

ಮಗುವನ್ನು ನೋಡದೆ ಹೌದು ಅಥವಾ ಅಲ್ಲ ಎಂದು ಹೇಳುವುದು ಸರಿಯಲ್ಲ. ಆದರೆ ನೀವು ಬರೆದಿರುವ ವಿವರಗಳನ್ನು ನೋಡಿದರೆ ತಡಮಾಡದೆ ಪರೀಕ್ಷೆ ಮಾಡಿಸಬೇಕು ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಡಿಸ್ಲೆಕ್ಸಿಯಾ ಕಣ್ಣಿನ ದೋಷವಲ್ಲ, ಬುದ್ಧಿಯ ಕೊರತೆಯೂ ಅಲ್ಲ, ಸೋಮಾರಿತನವಂತೂ ಅಲ್ಲವೇ ಅಲ್ಲ. ಮಾತಿನಲ್ಲಿರುವ ಧ್ವನಿಗಳನ್ನು ಬಿಡಿಸಿ ಗುರುತಿಸುವುದು, ಪ್ರತಿ ಧ್ವನಿಯನ್ನೂ ಅದರ ಚಿಹ್ನೆಯೊಂದಿಗೆ ಗಟ್ಟಿಯಾಗಿ ಜೋಡಿಸಿಕೊಳ್ಳುವುದು, ಆ ಜೋಡಣೆಯನ್ನು ಬೇಕೆಂದ ಕ್ಷಣಕ್ಕೆ ನೆನಪಿನಿಂದ ಹೊರತೆಗೆಯುವುದು, ಈ ಕೆಲಸಗಳು ಕೆಲವು ಮಕ್ಕಳ ಮಿದುಳಿನಲ್ಲಿ ಹುಟ್ಟಿನಿಂದಲೇ ನಿಧಾನವಾಗಿ ನಡೆಯುತ್ತವೆ. ಇದು ಕುಟುಂಬಗಳಲ್ಲಿ ಹರಿದುಬರುವುದರಿಂದ ನಿಮ್ಮ ಭಾವನವರ ವಿಷಯವನ್ನು ಪರೀಕ್ಷೆ ಮಾಡುವವರಿಗೆ ತಪ್ಪದೆ ಹೇಳಿ.

ಇಲ್ಲಿ ನಮ್ಮ ಲಿಪಿಯ ಸ್ವಭಾವವನ್ನೂ ಗಮನಿಸಬೇಕು. ವರ್ಣಮಾಲೆಯಲ್ಲಿ 49 ಅಕ್ಷರಗಳೆಂದು ಹೇಳಿದರೂ, ಪ್ರತಿ ವ್ಯಂಜನಕ್ಕೆ ಸ್ವರಚಿಹ್ನೆಗಳು ಸೇರಿದಾಗ ಮಗುವಿನ ಕಣ್ಣಿಗೆ ಬೀಳುವ ರೂಪಗಳು 400ನ್ನು ದಾಟುತ್ತವೆ, ಒತ್ತಕ್ಷರಗಳ ಲೆಕ್ಕ ಬೇರೆ. ಯಾವ ತೊಂದರೆಯೂ ಇಲ್ಲದ ಮಕ್ಕಳಿಗೇ ಇವೆಲ್ಲ ಕೈವಶವಾಗಲು ನಾಲ್ಕನೆಯ, ಐದನೆಯ ತರಗತಿಯವರೆಗೆ ಸಮಯ ಹಿಡಿಯುತ್ತದೆ ಎಂದು ಬೆಂಗಳೂರಿನ ಸಂಶೋಧಕಿ ಸೊನಾಲಿ ನಾಗ್ ಅವರು ಕನ್ನಡ ಓದುವ ಮಕ್ಕಳ ಅಧ್ಯಯನಗಳಲ್ಲಿ ತೋರಿಸಿದ್ದಾರೆ. ಆದ್ದರಿಂದ ಮೂರನೆಯ ತರಗತಿಯ ಮಗು ಒತ್ತಕ್ಷರದಲ್ಲಿ ಎಡವಿದರೆ ಅದೊಂದರಿಂದಲೇ ಹೆದರಬೇಕಿಲ್ಲ. ನನ್ನ ಗಮನ ಸೆಳೆದದ್ದು ‘ಕೀ’ ಗುರುತಿಸಲು ಸಾಲಿನ ಮೊದಲಿಗೆ ಹೋಗುತ್ತಾನೆ ಎಂಬ ನಿಮ್ಮ ಮಾತು. ಅವನಿಗೆ ಕಾಗುಣಿತ ಬಾಯಿಪಾಠವಾಗಿ ಮಾತ್ರ ಬಂದಿದೆ. ಗುಡಿಸು ಮತ್ತು ದೀರ್ಘ ಎಂಬ ಗುರುತುಗಳು ‘ಕ’ಕ್ಕೆ ಸೇರಿ ಅದರ ಸ್ವರವನ್ನು ಬದಲಿಸುತ್ತವೆ ಎಂಬುದು ಇನ್ನೂ ಹೊಳೆದಿಲ್ಲ.

ಮನೆಯಲ್ಲಿ ಪುಸ್ತಕವನ್ನು ಬದಿಗಿಟ್ಟು ಮೊದಲು ಕಿವಿಯಿಂದ ಆರಂಭಿಸಿ. ‘ಕಲ್ಲು’, ‘ಹಲ್ಲು’ ಎಂದು ಹೇಳಿ ಯಾವುದು ಬದಲಾಯಿತು ಎಂದು ಕೇಳಿ. ಆಮೇಲೆ ‘ಹಲ್ಲು’, ‘ಹುಲ್ಲು’ ಎನ್ನಿ. ಮೊದಲನೆಯ ಜೋಡಿಯಲ್ಲಿ ವ್ಯಂಜನ ಬದಲಾಗುತ್ತದೆ, ಎರಡನೆಯದರಲ್ಲಿ ಸ್ವರ ಮಾತ್ರ, ಆದ್ದರಿಂದ ಎರಡನೆಯದು ಹೆಚ್ಚು ಕಷ್ಟ. ಇದು ಸಲೀಸಾದ ಮೇಲೆ ರಟ್ಟಿನ ಮೇಲೆ ತಲೆಕಟ್ಟಿನ ಅಕ್ಷರಗಳನ್ನು ಕಪ್ಪು ಬಣ್ಣದಲ್ಲಿ ಬರೆದು, ಸ್ವರಚಿಹ್ನೆಗಳನ್ನು ಕೆಂಪು ಬಣ್ಣದಲ್ಲಿ ಸೇರಿಸಿ ತೋರಿಸಿ. ‘ಕ’ದ ಕಾಗುಣಿತವನ್ನು ಪೂರ್ತಿ ಮಾಡಿ ‘ಖ’ಕ್ಕೆ ಹೋಗುವ ರೂಢಿಯನ್ನು ಸ್ವಲ್ಪ ಕಾಲ ಬಿಟ್ಟು, ಒಂದೇ ಚಿಹ್ನೆಯನ್ನು ಹಿಡಿದು ‘ಕಾ, ಮಾ, ಬಾ, ಸಾ’ ಎಂದು ಅಡ್ಡಲಾಗಿ ಸಾಗಿದರೆ ಆ ಚಿಹ್ನೆಯ ಕೆಲಸವೇನೆಂಬುದು ಮಗುವಿಗೆ ಕಾಣುತ್ತದೆ. ಆಗ ‘ಬಳೆ’ ಮತ್ತು ‘ಬಾಳೆ’, ‘ಹಳೆ’ ಮತ್ತು ‘ಹಾಳೆ’ ಜೋಡಿಗಳನ್ನು ಕೊಡಿ. ಓದುವಾಗ ದೀರ್ಘ ಬಂದಲ್ಲಿ ಕೈಯನ್ನು ಮೇಜಿನ ಮೇಲೆ ಉದ್ದಕ್ಕೆ ಎಳೆಯಲಿ. ರಂಗೋಲಿ ಪುಡಿಯಲ್ಲಿ ಬೆರಳಿನಿಂದ ಬರೆಯುತ್ತಾ ಅದೇ ಧ್ವನಿಯನ್ನು ಬಾಯಿಬಿಟ್ಟು ಹೇಳುವುದೂ ನೆರವಾಗುತ್ತದೆ. ದಿನಕ್ಕೆ ಹದಿನೈದು ನಿಮಿಷ ಸಾಕು, ಆದರೆ ಪ್ರತಿದಿನವೂ ಆಗಬೇಕು.

ಒತ್ತಕ್ಷರಗಳಿಗೆ ಅವಸರ ಬೇಡ. ‘ಗ್ಗ’, ‘ದ್ದ’ ಮುಂತಾದವುಗಳಲ್ಲಿ ಒತ್ತು ತನ್ನ ಮೂಲಾಕ್ಷರವನ್ನು ಹೋಲುವುದರಿಂದ ಅವನ್ನು ಮೊದಲು ಕಲಿಸಿ. ‘ಮ್ಮ’, ‘ತ್ತ’, ‘ಕ್ರ’, ‘ದ್ಯ’ಗಳಲ್ಲಿ ಒತ್ತಿನ ರೂಪವೇ ಬೇರೆಯಾದ್ದರಿಂದ ಅವು ಆಮೇಲೆ ಬರಲಿ. ಅರ್ಕಾವತ್ತನ್ನು ಎಲ್ಲಕ್ಕಿಂತ ಕೊನೆಗೆ ಇಟ್ಟುಕೊಳ್ಳಿ, ಏಕೆಂದರೆ ‘ಸೂರ್ಯ’ ಎನ್ನುವಾಗ ರಕಾರ ಮೊದಲು ಕೇಳಿಸಿದರೂ ಅದರ ಗುರುತು ‘ಯ’ದ ನಂತರ ಕಾಣಿಸುತ್ತದೆ. ಕಣ್ಣು ಸಾಗುವ ದಾರಿಯೂ ಕಿವಿ ಕೇಳುವ ಕ್ರಮವೂ ಹೀಗೆ ತಿರುಗುಮುರುಗಾದಾಗ ಇಂಥ ಮಕ್ಕಳಿಗೆ ಬಹಳ ಆಯಾಸವಾಗುತ್ತದೆ.

ಪರೀಕ್ಷೆಗೆ ತುಮಕೂರಿನಿಂದ ಬೆಂಗಳೂರಿನ ನಿಮ್ಹಾನ್ಸ್ ಹತ್ತಿರವಾಗುತ್ತದೆ. ಅಲ್ಲಿ ಮಕ್ಕಳ ಮನೋವೈದ್ಯಕೀಯ ವಿಭಾಗವಿದೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿಯೂ ಮಾಡಿಸಬಹುದು. ಶ್ರವಣ ಪರೀಕ್ಷೆಯನ್ನೂ ಜೊತೆಗೆ ಮಾಡಿಸಿ, ಮತ್ತು ಓದಿನ ಪರೀಕ್ಷೆ ಕನ್ನಡದಲ್ಲಿಯೇ ನಡೆಯಬೇಕೆಂದು ಕೇಳಿಕೊಳ್ಳಿ. ವರದಿ ಬರುವವರೆಗೆ ಮೇಲಿನ ಅಭ್ಯಾಸವನ್ನು ನಿಲ್ಲಿಸಬೇಡಿ. ಡಿಸ್ಲೆಕ್ಸಿಯಾ ಇರಲಿ ಇಲ್ಲದಿರಲಿ, ಅದರಿಂದ ಮಗುವಿಗೆ ಉಪಕಾರವೇ ಆಗುತ್ತದೆ.

ಉತ್ತರ: ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕ, ಹಾಸನ ಜಿಲ್ಲೆ

ತಾಯಿ, ಮೇಲಿನವರು ಹೇಳಿದ್ದಕ್ಕೆ ತರಗತಿಯ ಕಡೆಯಿಂದ ಒಂದೆರಡು ಮಾತು ಸೇರಿಸುತ್ತೇನೆ. ನಲಿಕಲಿಯಲ್ಲಿ ನಾವು ‘ಅ, ಆ, ಇ, ಈ’ಯಿಂದ ಆರಂಭಿಸದೆ ‘ರ, ಗ, ಸ, ದ, ಅ’ ಎಂದು ಆರಂಭಿಸುತ್ತೇವೆ. ಈ ಐದೇ ಅಕ್ಷರಗಳಿಂದ ‘ಸರ’, ‘ಅರಸ’, ‘ಗರಗಸ’ ಎಂಬ ಪದಗಳು ಹುಟ್ಟುತ್ತವೆ, ಹಾಗಾಗಿ ಮಗು ಕಲಿತ ದಿನವೇ ಅರ್ಥವಿರುವ ಏನನ್ನೋ ಓದುತ್ತದೆ. ಓದು ಹಿಂದುಳಿದ ಮಗುವಿಗೆ ಈ ಸಣ್ಣ ಗೆಲುವು ಎಷ್ಟು ಮುಖ್ಯ ಎಂಬುದನ್ನು ನನ್ನ ಸೇವಾವಧಿಯುದ್ದಕ್ಕೂ ಕಂಡಿದ್ದೇನೆ. ನಿಮ್ಮ ಮಗನಿಗೂ ಅವನಿಗೆ ಗೊತ್ತಿರುವ ಅಕ್ಷರಗಳಿಂದಷ್ಟೇ ಆದ ಸಣ್ಣ ವಾಕ್ಯಗಳನ್ನು ನೀವೇ ಬರೆದುಕೊಡಿ. ಪಂಪ್‌ಸೆಟ್ ರಿಪೇರಿ ಮಾಡುವ ದೊಡ್ಡಪ್ಪನ ಬಗ್ಗೆಯೇ ಬರೆಯಬಹುದು.

ಕಾಪಿ ಬರೆಸುವುದನ್ನು ದಯವಿಟ್ಟು ನಿಲ್ಲಿಸಿ. ಓದಲು ಬಾರದ ಮಗು ಕಾಪಿ ಬರೆಯುವಾಗ ಅಕ್ಷರವನ್ನು ಓದುವುದಿಲ್ಲ, ಗೆರೆಗಳನ್ನು ನೋಡಿ ಚಿತ್ರದಂತೆ ಇಳಿಸುತ್ತದೆ ಅಷ್ಟೇ; ಎರಡು ಪುಟ ಮುಗಿದರೂ ಧ್ವನಿಗೂ ಅಕ್ಷರಕ್ಕೂ ನಂಟು ಬೆಳೆದಿರುವುದಿಲ್ಲ, ಕೈ ಮಾತ್ರ ನೋಯುತ್ತಿರುತ್ತದೆ. ತರಗತಿಯಲ್ಲಿ ಎಲ್ಲರೆದುರು ನಿಲ್ಲಿಸಿ ಗಟ್ಟಿಯಾಗಿ ಓದಿಸಬೇಡಿ ಎಂದೂ ಶಿಕ್ಷಕರಲ್ಲಿ ವಿನಂತಿಸಿಕೊಳ್ಳಿ. ಪಾಠದ ಪ್ರಶ್ನೆಗಳಿಗೆ ಅವನು ಬಾಯಲ್ಲಿ ಉತ್ತರ ಹೇಳಲಿ. ಕಥೆಯನ್ನು ಪೂರ್ತಿ ಒಪ್ಪಿಸುವ ಹುಡುಗ ಪರಿಸರ ಅಧ್ಯಯನದಲ್ಲಿ ಹಿಂದೆ ಬೀಳಲು ಯಾವ ಕಾರಣವೂ ಇಲ್ಲ.

ಪ್ರಶ್ನೆ ಕೇಳಿದವರ ಮರುಮಾತು

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಮುಂದಿನ ವಾರವೇ ಬೆಂಗಳೂರಿಗೆ ಹೊರಡುತ್ತೇವೆ. ಇನ್ನೊಂದು ಸಂದೇಹವಿದೆ. ಇಂಗ್ಲಿಷಿನಲ್ಲಿ 26 ಅಕ್ಷರ ಮಾತ್ರ, ಕಾಗುಣಿತವೂ ಇಲ್ಲ ಒತ್ತೂ ಇಲ್ಲ, ಆದ್ದರಿಂದ ಅವನನ್ನು ಇಂಗ್ಲಿಷ್ ಮಾಧ್ಯಮಕ್ಕೆ ಹಾಕಿದರೆ ಸುಲಭವಾಗುತ್ತದೆ ಎಂದು ನೆಂಟರು ಒತ್ತಾಯಿಸುತ್ತಿದ್ದಾರೆ. ಹೌದೇ? ಮುಂದೆ ಪರೀಕ್ಷೆಗಳ ಗತಿ ಏನು?

ಉತ್ತರ: ಡಿಸ್ಲೆಕ್ಸಿಯಾ ಇರುವ ಮಗಳ ತಂದೆ, ಧಾರವಾಡ

ಪರೀಕ್ಷೆಯ ವಿಷಯ ನಾನು ಹೇಳುತ್ತೇನೆ, ಮೇಡಂ. 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮವು ಪಟ್ಟಿ ಮಾಡಿರುವ 21 ಬಗೆಯ ನ್ಯೂನತೆಗಳಲ್ಲಿ ನಿರ್ದಿಷ್ಟ ಕಲಿಕಾ ನ್ಯೂನತೆಯೂ ಸೇರಿದೆ, ಡಿಸ್ಲೆಕ್ಸಿಯಾ ಅದರೊಳಗೆ ಬರುತ್ತದೆ. ಇಂಥ ಮಕ್ಕಳನ್ನು ಆದಷ್ಟು ಬೇಗ ಗುರುತಿಸಿ ತಕ್ಕ ಬೋಧನಾ ಕ್ರಮಗಳನ್ನು ಕೈಗೊಳ್ಳಬೇಕೆಂದು ಅದರ 16ನೆಯ ಪ್ರಕರಣ ಹೇಳುತ್ತದೆ. ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ಸ್ಕ್ರೈಬ್ ಎನ್ನುವ ಬರಹಗಾರರ ನೆರವು, ದ್ವಿತೀಯ ಮತ್ತು ತೃತೀಯ ಭಾಷೆಗಳಿಂದ ವಿನಾಯಿತಿ, ಇವು 17ನೆಯ ಪ್ರಕರಣದಲ್ಲಿವೆ. ಶಾಲೆಯವರು ದಯೆ ತೋರಿ ಕೊಡುವ ಸವಲತ್ತುಗಳೆಂದು ಇವನ್ನು ಭಾವಿಸಬೇಡಿ, ಕಾನೂನಿನ ಹೆಸರು ಹಿಡಿದೇ ಕೇಳಿ. ಆದರೆ ಪ್ರಮಾಣಪತ್ರ ಬೇಕೇಬೇಕು. ಅದನ್ನು ಹತ್ತನೆಯ ತರಗತಿಯ ಪರೀಕ್ಷೆ ಹತ್ತಿರ ಬಂದಾಗ ಮಾಡಿಸಲು ಹೊರಟು ಪರದಾಡುವ ಪೋಷಕರನ್ನು ಇಲ್ಲಿ ಬಹಳ ನೋಡಿದ್ದೇನೆ. ನೀವು ಈಗಲೇ ವರದಿಯ ಪ್ರತಿಗಳನ್ನು ಜೋಡಿಸಿಟ್ಟುಕೊಳ್ಳಿ.

ಉತ್ತರ: ವಾಕ್ ಮತ್ತು ಭಾಷಾ ಚಿಕಿತ್ಸಕಿ, ಮೈಸೂರು

ಮಾಧ್ಯಮ ಬದಲಿಸಬೇಡಿ. ಇಂಗ್ಲಿಷಿನ ಅಕ್ಷರಗಳು 26 ಆದರೂ ಧ್ವನಿಗಳು ಸುಮಾರು 44, ಮತ್ತು ಒಂದೇ ಅಕ್ಷರ ಒಂದೊಂದು ಪದದಲ್ಲಿ ಒಂದೊಂದು ಬಗೆಯಾಗಿ ನುಡಿಯುತ್ತದೆ. ಧ್ವನಿಗೂ ಚಿಹ್ನೆಗೂ ನಂಟು ಕಟ್ಟಿಕೊಳ್ಳಲು ಮೊದಲೇ ಹೆಣಗುತ್ತಿರುವ ಮಗುವಿಗೆ ಆ ಗೊಂದಲ ಇನ್ನೂ ಕಠಿಣವಾಗುತ್ತದೆ. ಕನ್ನಡದಲ್ಲಿ ಕಲಿಯಬೇಕಾದ ರೂಪಗಳು ಹೆಚ್ಚೇನೋ ಹೌದು, ಆದರೆ ಕಲಿತ ರೂಪ ಪದದಿಂದ ಪದಕ್ಕೆ ಮಾತು ಬದಲಿಸುವುದಿಲ್ಲ. ನಮ್ಮಲ್ಲಿ ಇಂಥ ಮಕ್ಕಳು ಸರಿಯಾದ ಬೋಧನೆ ಸಿಕ್ಕರೆ ಕ್ರಮೇಣ ತಪ್ಪಿಲ್ಲದೆ ಓದುತ್ತಾರೆ. ಉಳಿಯುವ ತೊಂದರೆ ಹೆಚ್ಚಾಗಿ ವೇಗದ್ದು. ಜೊತೆಗೆ ಅವನು ಮನೆಯಲ್ಲಿ ಆಡುವ ಮಾತೂ ಕನ್ನಡ, ಓದಿದ ಪದದ ಅರ್ಧ ಹೊಳೆದರೂ ಉಳಿದದ್ದನ್ನು ಅರ್ಥದಿಂದ ಊಹಿಸಿಕೊಳ್ಳಬಲ್ಲ. ಬೆಂಗಳೂರಿಗೆ ಹೋಗುವಾಗ ಅವನ ಕನ್ನಡ ನೋಟ್‌ಬುಕ್ಕನ್ನು ತಿದ್ದದೆ ಹಾಗೆಯೇ ತೆಗೆದುಕೊಂಡು ಹೋಗಿ, ಅವನು ಮಾಡುವ ತಪ್ಪುಗಳ ಬಗೆ ಪರೀಕ್ಷಕರಿಗೆ ಅದರಲ್ಲಿಯೇ ಕಾಣುತ್ತದೆ.