ಕಾಲೇಜು ಬ್ಯಾಸ್ಕೆಟ್‌ಬಾಲ್: ಆಡದವನು ಸಹಾಯಕ ಕೋಚ್ ಆಗಬಲ್ಲನೇ?

ಪ್ರಶ್ನೆ: ರಿಬೌಂಡ್

ಅಮೆರಿಕದಲ್ಲೇ ಹುಟ್ಟಿ ಬೆಳೆದ ನನ್ನ ಅಕ್ಕನ ಮಗ ಅಲ್ಲಿನ ಒಂದು ಡಿವಿಷನ್ ಒನ್ (ಕಾಲೇಜು ಕ್ರೀಡೆಯ ಅತ್ಯುನ್ನತ ದರ್ಜೆ) ವಿಶ್ವವಿದ್ಯಾಲಯದ ಪುರುಷರ ತಂಡದಲ್ಲಿ ವಿದ್ಯಾರ್ಥಿ ಮ್ಯಾನೇಜರ್ ಆಗಿದ್ದಾನೆ. ಅಭ್ಯಾಸದ ವೇಳೆ ಚೆಂಡು ಹೆಕ್ಕಿಕೊಡುವುದು, ಗಡಿಯಾರ ನೋಡಿಕೊಳ್ಳುವುದು, ಬೆವರು ಬಿದ್ದ ನೆಲ ಒರೆಸುವುದು ಅವನ ಕೆಲಸ. ಪದವಿಯ ನಂತರ ಇದೇ ದಾರಿಯಲ್ಲಿ ಸಹಾಯಕ ಕೋಚ್ ಆಗುತ್ತೇನೆ ಎಂದು ಹಟ ಹಿಡಿದಿದ್ದಾನೆ. ಕಾಲೇಜು ಮಟ್ಟದಲ್ಲಿ ಆಡಿದವನಲ್ಲ. ಇದು ಆಗುವ ಮಾತೇ? ಅಕ್ಕನಿಗೆ ಏನು ಹೇಳಲಿ?

ಉತ್ತರ: ಬೆಂಚಿನ ತುದಿ

ಆಗುವ ಮಾತೇ. ವಿಲ್ ವೇಡ್ ಕ್ಲೆಮ್ಸನ್ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿ ಮ್ಯಾನೇಜರ್ ಆಗಿದ್ದವರು. ಅಲ್ಲೇ ಗ್ರಾಜುಯೇಟ್ ಅಸಿಸ್ಟೆಂಟ್ (ಸ್ನಾತಕೋತ್ತರ ಓದಿನ ಜೊತೆಗೆ ತಂಡಕ್ಕೆ ದುಡಿಯುವವನು) ಆಗಿ, ಹಾರ್ವರ್ಡ್ ಮತ್ತು ವಿಸಿಯು (ವರ್ಜೀನಿಯಾ ಕಾಮನ್‌ವೆಲ್ತ್ ವಿಶ್ವವಿದ್ಯಾಲಯ) ತಂಡಗಳಲ್ಲಿ ಸಹಾಯಕರಾಗಿ ದುಡಿದು, 2013ರಲ್ಲಿ ಚಟ್ಟನೂಗ ವಿಶ್ವವಿದ್ಯಾಲಯದ ಮುಖ್ಯ ಕೋಚ್ ಆದರು. ಆದರೆ ಎಲ್ಲರಿಗೂ ಇಷ್ಟು ಬೇಗ ಕೈಗೂಡುವುದಿಲ್ಲ.

ನಾನು ಎರಡು ವರ್ಷ ಗ್ರಾಜುಯೇಟ್ ಅಸಿಸ್ಟೆಂಟ್ ಆಗಿದ್ದೆ. ಸ್ನಾತಕೋತ್ತರ ಪದವಿಯ ಶುಲ್ಕ ಮನ್ನಾ, ಜೊತೆಗೆ ಸಣ್ಣದೊಂದು ಸ್ಟೈಪೆಂಡ್. ಪಂದ್ಯ ಮುಗಿದ ರಾತ್ರಿಯೇ ಮುಂದಿನ ಎದುರಾಳಿಯ ಹಿಂದಿನ ಐದಾರು ಪಂದ್ಯಗಳ ವಿಡಿಯೋ ತೆರೆದು, ಅವರು ಬದಿಗೆರೆಯಿಂದ ಚೆಂಡು ಒಳಗೆ ಹಾಕುವ ಪ್ರತಿಯೊಂದು ಸನ್ನಿವೇಶವನ್ನೂ ಕತ್ತರಿಸಿ, ಹೆಸರು ಕೊಟ್ಟು ಜೋಡಿಸುತ್ತಿದ್ದೆ. ಆ ಎದುರಾಳಿಯ ಹೊಣೆ ಹೊತ್ತ ಸಹಾಯಕ ಕೋಚ್ ಬೆಳಿಗ್ಗೆ ಅದನ್ನು ನೋಡಿ, ನಲವತ್ತು ಕ್ಲಿಪ್‌ಗಳಲ್ಲಿ ಆರನ್ನು ಉಳಿಸಿಕೊಂಡು, ಮಿಕ್ಕದ್ದನ್ನು ಆಟಗಾರರ ಕಣ್ಣಿಗೂ ಬೀಳಿಸುತ್ತಿರಲಿಲ್ಲ. ಯಾವ ಆರು ಎಂದು ಅವರಿಗಿಂತ ಮೊದಲೇ ಊಹಿಸಲು ಬಂದ ದಿನ ನನಗೆ ಕೆಲಸ ಹತ್ತಿತು ಎಂದುಕೊಂಡೆ. ಆ ಮಾರ್ಚ್‌ನಲ್ಲಿ ವಿಶ್ವವಿದ್ಯಾಲಯದವರು ಮುಖ್ಯ ಕೋಚನ್ನೇ ತೆಗೆದುಹಾಕಿದರು. ಅವರ ಬೆನ್ನಿಗೆ ನಾವೆಲ್ಲರೂ ಹೊರಬಿದ್ದೆವು.

ಉತ್ತರ: ಅರ್ಧಾಂಗಣ

ಮೇಲಿನವರು ಬಿಟ್ಟಿರುವ ಮುಖ್ಯ ಸಂಗತಿಯೆಂದರೆ ರಿಕ್ರೂಟಿಂಗ್, ಅಂದರೆ ಹೊಸ ಆಟಗಾರರನ್ನು ತಂಡಕ್ಕೆ ಸೆಳೆದು ತರುವುದು. 2023ರ ಜುಲೈನಿಂದ ಅಮೆರಿಕದ ಕಾಲೇಜು ಕ್ರೀಡೆಗಳ ಆಡಳಿತ ಸಂಸ್ಥೆ ಎನ್‌ಸಿಎಎ ಡಿವಿಷನ್ ಒನ್ ತಂಡಗಳಿಗೆ ಇನ್ನಿಬ್ಬರು ಸಹಾಯಕರನ್ನು ಇಟ್ಟುಕೊಳ್ಳಲು ಅವಕಾಶ ಕೊಟ್ಟು ಮೂರು ಹುದ್ದೆಗಳನ್ನು ಐದಕ್ಕೆ ಏರಿಸಿತು. ಆದರೆ ಆ ಹೊಸ ಇಬ್ಬರು ಅಂಗಣದಲ್ಲಿ ತರಬೇತಿ ಕೊಡಬಹುದಾಗಿತ್ತೇ ಹೊರತು ಕ್ಯಾಂಪಸ್‌ನಿಂದಾಚೆ ಹೋಗಿ ಆಟಗಾರರನ್ನು ಸೆಳೆಯುವಂತಿರಲಿಲ್ಲ. ವಿಡಿಯೋ ಕೋಣೆಯ ಹುಡುಗರಿಗೆ ಇದರಿಂದ ಬಾಗಿಲು ತೆರೆದದ್ದು ನಿಜ. ಹಾಗಿದ್ದರೂ ಮೇಲಕ್ಕೆ ಒಯ್ಯುವುದು ಆಟಗಾರರನ್ನು ತರುವ ಸಾಮರ್ಥ್ಯವೇ ಎಂಬುದು ನನ್ನ ಖಚಿತ ಅಭಿಪ್ರಾಯ.

ಸಂಬಳದ ಬಗ್ಗೆಯೂ ಭ್ರಮೆ ಬೇಡ. 1992ರಿಂದ ಕೆಲವು ವರ್ಷ ಎನ್‌ಸಿಎಎ ಒಂದು ವರ್ಗದ ಸಹಾಯಕ ಕೋಚ್‌ಗಳ ವಾರ್ಷಿಕ ಗಳಿಕೆಯನ್ನು 16,000 ಡಾಲರಿಗೆ ಕಟ್ಟಿಹಾಕಿತ್ತು. ಅವರು ನ್ಯಾಯಾಲಯಕ್ಕೆ ಹೋಗಿ ಗೆದ್ದರು. 1999ರಲ್ಲಿ ಮೊಕದ್ದಮೆ 5.45 ಕೋಟಿ ಡಾಲರಿಗೆ ಇತ್ಯರ್ಥವಾಯಿತು. ಆ ಮಿತಿ ಹೋಯಿತು, ಕೆಳಗಿನ ಮೆಟ್ಟಿಲುಗಳ ಬಡತನ ಪೂರ್ತಿ ಹೋಗಿಲ್ಲ.

ಉತ್ತರ: ಹಳೆಯ ಸ್ಕೋರರ್

ಮುಖ್ಯ ಕೋಚ್ ಆಗುವುದೇ ಗುರಿಯೆಂದು ಎಲ್ಲರೂ ಏಕೆ ಅಂದುಕೊಳ್ಳಬೇಕು? ಬಿಲ್ ಗುತ್ರಿಜ್ ಅವರು ನಾರ್ತ್ ಕ್ಯಾರೊಲಿನಾ ವಿಶ್ವವಿದ್ಯಾಲಯದಲ್ಲಿ ಮುಖ್ಯ ಕೋಚ್ ಡೀನ್ ಸ್ಮಿತ್ ಅವರ ಪಕ್ಕದಲ್ಲಿ 30 ವರ್ಷ ಸಹಾಯಕರಾಗಿದ್ದು, 1997ರಲ್ಲಿ ಅವರ ಸ್ಥಾನಕ್ಕೆ ಬಂದು, ಮೂರು ಋತುಗಳಲ್ಲಿ ಎರಡು ಬಾರಿ ತಂಡವನ್ನು ಫೈನಲ್ ಫೋರ್‌ಗೆ (ರಾಷ್ಟ್ರೀಯ ಟೂರ್ನಿಯ ಕೊನೆಯ ನಾಲ್ಕರ ಸುತ್ತು) ಒಯ್ದರು. ಟಾಮಿ ಲಾಯ್ಡ್ ಗೊನ್ಝಾಗಾ ವಿಶ್ವವಿದ್ಯಾಲಯದಲ್ಲಿ ಸುಮಾರು ಎರಡು ದಶಕ ಸಹಾಯಕರಾಗಿ ಕದಲದೆ ಕುಳಿತು ರೂಯಿ ಹಚಿಮುರಾ ಅವರಂಥ ವಿದೇಶೀ ಆಟಗಾರರನ್ನು ಕರೆತರುವುದರಲ್ಲಿ ಹೆಸರು ಮಾಡಿದ ಮೇಲೆ, 2021ರಲ್ಲಿ ಅರಿಜೋನಾ ವಿಶ್ವವಿದ್ಯಾಲಯ ಅವರನ್ನು ನೇರವಾಗಿ ಮುಖ್ಯ ಕೋಚ್ ಹುದ್ದೆಗೆ ಕರೆಸಿಕೊಂಡಿತು. ಹುಡುಗ ಯಾರ ಕೈಕೆಳಗೆ ಇದ್ದಾನೆ ಎಂಬುದನ್ನು ಮೊದಲು ವಿಚಾರಿಸಿ.

ರಿಬೌಂಡ್

ಎಲ್ಲರಿಗೂ ಧನ್ಯವಾದಗಳು. ನಿನ್ನೆ ರಾತ್ರಿ ಅವನಿಗೆ ಕರೆ ಮಾಡಿದ್ದೆ. ಮುಖ್ಯ ಕೋಚ್ ಅವರ ಒಪ್ಪಂದ ಇನ್ನೂ ಎರಡು ವರ್ಷವಿದೆಯಂತೆ, ಈ ವಾರದಿಂದ ಇವನಿಗೆ ಕ್ಲಿಪ್ ಕತ್ತರಿಸಲು ಬಿಟ್ಟಿದ್ದಾರಂತೆ. ಎಷ್ಟು ಉಳಿದವು ಎಂದು ಕೇಳಿದೆ. ಮೂವತ್ತರಲ್ಲಿ ನಾಲ್ಕು.